ಮೈಕ್ ಮಿನ್ಯೋಲಾ: ಹೆಲ್‌ಬಾಯ್ ಲೋಕಕ್ಕೆ ಯಾವ ಪುಸ್ತಕದಿಂದ ಕಾಲಿಡಬೇಕು?

ಹೆಲ್‌ಬಾಯ್ ಪಾತ್ರವನ್ನು ಸೃಷ್ಟಿಸಿದ ಅಮೆರಿಕದ ಕಾಮಿಕ್ಸ್ ಕಲಾವಿದ ಮೈಕ್ ಮಿನ್ಯೋಲಾ ಹೆಸರು ಕೇಳದವರೂ ಹೆಲ್‌ಬಾಯ್ ಮುಖ ನೋಡಿರುತ್ತಾರೆ. ಕೆಂಪು ಮೈ, ಬುಡದಲ್ಲೇ ಉಜ್ಜಿ ಹಾಕಿದ ಕೊಂಬು, ಕಲ್ಲಿನ ದೊಡ್ಡ ಬಲಗೈ, ಮೇಲೊಂದು ಉದ್ದ ಕೋಟು. ಸಿನಿಮಾ ನೋಡಿ ಖುಷಿಪಟ್ಟು 'ಇದರ ಮೂಲ ಕಾಮಿಕ್ಸ್ ಓದೋಣ' ಅಂತ ಹೊರಟವರಿಗೆ ಮೊದಲು ಎದುರಾಗುವುದು ಗೊಂದಲ. ಹೆಲ್‌ಬಾಯ್ ಹೆಸರಲ್ಲೇ ಹತ್ತಾರು ಸಂಪುಟ. ಬಿ.ಪಿ.ಆರ್.ಡಿ. ಅಂತ ಇನ್ನೊಂದು ರಾಶಿ. ಪಕ್ಕದಲ್ಲಿ ಬಾಲ್ಟಿಮೋರ್, ಲಾಬ್‌ಸ್ಟರ್ ಜಾನ್ಸನ್, ಸ್ಕ್ರೂ-ಆನ್ ಹೆಡ್ ಅನ್ನುವ ಅವರದೇ ಬೇರೆ ಕಾಮಿಕ್ಸ್. ಯಾವುದನ್ನು ಮೊದಲು ಎತ್ತಿಕೊಳ್ಳುವುದು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಂಬರ್ ಒಂದು ಅಂತ ಬರೆದಿರುವ ಸಂಪುಟ ಸದ್ಯಕ್ಕೆ ಅಲ್ಲೇ ಇರಲಿ. ಸಣ್ಣ ಕಥೆಗಳಿಂದ ಶುರು ಮಾಡಿ. ಜಾನಪದ, ದೆವ್ವ, ನಾಜಿ ವಿಜ್ಞಾನಿಗಳು, ರೋಬೋಟು, ಹಳೇ ಪತ್ತೇದಾರಿ ಕಥೆ, ಬಾಹ್ಯಾಕಾಶ ಎಲ್ಲವನ್ನೂ ಮಿನ್ಯೋಲಾ ಒಂದೇ ಕಡೆ ತರುತ್ತಾರೆ. ಪುಟ ಕಡಿಮೆ ಇದ್ದಷ್ಟೂ ಆ ಬೆರಕೆ ಚೆನ್ನಾಗಿ ಕೂಡುತ್ತದೆ. ವಿವರಿಸಲು ಜಾಗ ಇಲ್ಲದಾಗ ಅವರು ವಿವರಿಸುವ ಗೋಜಿಗೇ ಹೋಗುವುದಿಲ್ಲ. ಹಳ್ಳಿಯಲ್ಲಿ ಅಜ್ಜಿ ಕಥೆ ಹೇಳುವಾಗ ರಾಕ್ಷಸ ಯಾಕೆ ಬಂದ ಅಂತ ಕಾರಣ ಕೊಡುತ್ತಾಳಾ? ಬಂದ, ಅಷ್ಟೇ. ಮಿನ್ಯೋಲಾ ಸಣ್ಣ ಕಥೆಗಳೂ ಹಾಗೇ.

ಆದರೆ ಎಲ್ಲ ಓದುಗರ ರುಚಿಯೂ ಒಂದೇ ಇರುವುದಿಲ್ಲ. ಕೆಲವರಿಗೆ ದೊಡ್ಡ ಕಥೆ ಬೇಕು, ಕೆಲವರಿಗೆ ಸುಮ್ನೆ ನಗು ಬೇಕು, ಕೆಲವರಿಗೆ ನಿಜಕ್ಕೂ ಹೆದರಿಕೆ ಆಗಬೇಕು. ಅದಕ್ಕೇ ಈ ಹೋಲಿಕೆ.

ಮೊದಲು ಎರಡು ಮಾತು ಮನುಷ್ಯನ ಬಗ್ಗೆ

ಮಿನ್ಯೋಲಾ ಹುಟ್ಟಿದ್ದು 1960ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಎಂಬತ್ತರ ದಶಕದ ಶುರುವಿನಲ್ಲಿ ಮಾರ್ವೆಲ್‌ನಲ್ಲಿ ಬೇರೆಯವರ ಪೆನ್ಸಿಲ್ ಚಿತ್ರಗಳ ಮೇಲೆ ಇಂಕ್ ಹಾಕುವ ಕೆಲಸಕ್ಕೆ ಸೇರಿದರು. ಆಮೇಲೆ ಚಿತ್ರಕಾರರಾದರು. 1985ರ ರಾಕೆಟ್ ರಕೂನ್ ಕಿರುಸರಣಿ ಅವರದೇ ಕೈಚಳಕ. 1989ರಲ್ಲಿ ಬ್ಯಾಟ್‌ಮನ್‌ನನ್ನು ವಿಕ್ಟೋರಿಯಾ ಕಾಲಕ್ಕೆ ಕರೆದೊಯ್ದ 'ಗಾಥಮ್ ಬೈ ಗ್ಯಾಸ್‌ಲೈಟ್' ಕೂಡ ಅವರೇ ಬರೆದ ಚಿತ್ರಗಳು. ಅಲ್ಲಿಯವರೆಗೂ ಕಥೆ ಬೇರೆಯವರದು, ಚಿತ್ರ ಇವರದು. ತಾನು ಬರೆಯಬಲ್ಲೆ ಅನ್ನುವ ಧೈರ್ಯ ಇರಲಿಲ್ಲ. ತನಗೆ ಚಿತ್ರ ಬರೆಯಲು ಇಷ್ಟವಾದದ್ದನ್ನೆಲ್ಲ, ಅಂದರೆ ದೆವ್ವ, ಪಾಳುಬಿದ್ದ ಚರ್ಚು, ಗೋರಿ, ಕಪ್ಪೆ, ಮುರಿದ ಶಿಲ್ಪ, ಒಂದೇ ಕಡೆ ಬರೆಯಲು ಸಿಕ್ಕ ನೆಪ ಹೆಲ್‌ಬಾಯ್. ಡಾರ್ಕ್ ಹಾರ್ಸ್ ಪ್ರಕಾಶನದಿಂದ ಅವನ ಮೊದಲ ಸರಣಿ ಬಂದದ್ದು 1994ರಲ್ಲಿ.

ಇದು ಯಾಕೆ ಮುಖ್ಯ ಅಂದರೆ, ಹೆಲ್‌ಬಾಯ್ ಓದುವಾಗ ಮಾತಿಗಿಂತ ಚಿತ್ರ ಜಾಸ್ತಿ ಕೆಲಸ ಮಾಡುತ್ತದೆ. ಪುಟದ ಅರ್ಧ ಭಾಗ ಅಪ್ಪಟ ಕಪ್ಪು. ನಡುವೆ ಒಂದು ಕೆಂಪು ಆಕೃತಿ. ಒಂದು ಚೌಕಟ್ಟಿನಲ್ಲಿ ಹೊಡೆದಾಟ ನಡೆಯುತ್ತಿದ್ದರೆ ಮುಂದಿನದರಲ್ಲಿ ಗೋಡೆಯ ಮೇಲಿನ ಕಲ್ಲಿನ ಮುಖ ಮಾತ್ರ. ಅದು ಕಥೆಗೆ ಬೇಕಾ? ಬೇಡ. ಆದರೆ ಅದಿಲ್ಲದಿದ್ದರೆ ಆ ಜಾಗ ಎಷ್ಟು ಹಳೆಯದು ಅಂತ ನಮಗೆ ಗೊತ್ತಾಗುವುದಿಲ್ಲ.

ಮೊದಲ ಸಂಪುಟ: 'ಸೀಡ್ ಆಫ್ ಡಿಸ್ಟ್ರಕ್ಷನ್'

1944ರ ಕೊನೆ. ಯುದ್ಧ ಸೋಲುತ್ತಿರುವ ನಾಜಿಗಳು ರಷ್ಯಾದ ಮಾಂತ್ರಿಕ ರಾಸ್ಪುಟಿನ್‌ನನ್ನು ಹಿಡಿದು ಪ್ರಳಯ ತರುವ ಆಚರಣೆ ಮಾಡಿಸುತ್ತಾರೆ. ಫಲವಾಗಿ ಇಂಗ್ಲೆಂಡಿನ ಒಂದು ಪಾಳು ಚರ್ಚಿನಲ್ಲಿ ಬಂದು ಬೀಳುವುದು ಕೋತಿಮರಿಯಂಥ ಒಂದು ಕೆಂಪು ಕೂಸು. ಅದನ್ನು ಸಾಕುವವರು ಟ್ರೆವರ್ ಬ್ರೂಮ್ ಅನ್ನುವ ಪ್ರೊಫೆಸರ್. ಆ ಕೂಸೇ ಹೆಲ್‌ಬಾಯ್. ಬೆಳೆದ ಮೇಲೆ ಅವನು ದೆವ್ವ ಭೂತಗಳ ತನಿಖೆ ಮಾಡುವ ಸರ್ಕಾರಿ ಸಂಸ್ಥೆಯಲ್ಲಿ ಕೆಲಸಕ್ಕಿರುತ್ತಾನೆ. ಐಡಿಯಾ ಭರ್ಜರಿಯಾಗಿದೆ. ಚಿತ್ರಗಳೂ ಸೊಗಸು.

ತೊಂದರೆ ಮಾತಿನದು. ಈ ನಾಲ್ಕು ಸಂಚಿಕೆಯ ಕಥೆ ಮಿನ್ಯೋಲಾ ಅವರದಾದರೂ ಸಂಭಾಷಣೆ ಬರೆದವರು ಜಾನ್ ಬರ್ನ್. ಅವರು ಅನುಭವಿ, ಆದರೆ ಆ ಕಾಲದ ಸೂಪರ್‌ಹೀರೋ ಕಾಮಿಕ್ಸ್ ಶೈಲಿಯವರು. ಹೆಲ್‌ಬಾಯ್ ಕತ್ತಲಲ್ಲಿ ನಡೆಯುತ್ತಿದ್ದರೆ ಪಕ್ಕದ ಪೆಟ್ಟಿಗೆಯಲ್ಲಿ ಅವನೇ ತನ್ನ ಮನಸ್ಸಿನ ಮಾತನ್ನೆಲ್ಲ ಹೇಳಿಕೊಳ್ಳುತ್ತಿರುತ್ತಾನೆ. ಚಿತ್ರ ಈಗಾಗಲೇ ಹೇಳಿದ್ದನ್ನು ಅಕ್ಷರ ಮತ್ತೊಮ್ಮೆ ಹೇಳುತ್ತದೆ. ಎರಡನೇ ಸರಣಿ 'ವೇಕ್ ದ ಡೆವಿಲ್' 1996ರಲ್ಲಿ ಬಂತು. ಅದನ್ನು ಮಿನ್ಯೋಲಾ ತಾವೇ ಬರೆದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆ ಉದ್ದನೆಯ ಮನಸ್ಸಿನ ಮಾತೆಲ್ಲ ಮಾಯ. ಹೆಲ್‌ಬಾಯ್ ಬಾಯಲ್ಲಿ ಉಳಿಯುವುದು ಮೂರು ನಾಲ್ಕು ಪದದ ಸಿಡುಕು ಮಾತ್ರ. ನಾವು ಇಷ್ಟಪಡುವ ಹೆಲ್‌ಬಾಯ್ ಅವನೇ.

ಕಥೆಯನ್ನು ಕ್ರಮವಾಗಿ ಓದದಿದ್ದರೆ ಸಮಾಧಾನ ಇಲ್ಲ ಅನ್ನುವವರು ಇಲ್ಲಿಂದಲೇ ಶುರು ಮಾಡಿ. ಆದರೆ ಮೊದಲ ಸರಣಿ ಓದಿ 'ಇಷ್ಟೇನಾ' ಅನ್ನಿಸಿದರೆ ಅಲ್ಲಿಗೇ ಬಿಡಬೇಡಿ. ಎರಡನೆಯದನ್ನೂ ಓದಿ ಆಮೇಲೆ ತೀರ್ಮಾನ ಮಾಡಿ.

ಸಣ್ಣ ಕಥೆಗಳು: ನನ್ನ ವೋಟು ಇಲ್ಲಿಗೆ

'ದ ಕಾರ್ಪ್ಸ್' ಅಂತ ಒಂದು ಕಥೆ ಇದೆ. 1995ರಲ್ಲಿ ಇದು ಬಂದದ್ದು ಕಾಮಿಕ್ಸ್ ಅಂಗಡಿಗಳಿಗೆ ಸರಕು ಒದಗಿಸುವ ಕಂಪನಿಯೊಂದರ ಕ್ಯಾಟಲಾಗಿನಲ್ಲಿ, ಚಿಕ್ಕ ಚಿಕ್ಕ ಕಂತುಗಳಾಗಿ. ಮಿನ್ಯೋಲಾ ಬರೆದದ್ದರಲ್ಲೇ ಅತ್ಯುತ್ತಮ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

1959, ಐರ್ಲೆಂಡ್. ಒಂದು ಮನೆಯಲ್ಲಿ ತೊಟ್ಟಿಲಲ್ಲಿರುವ ಮಗು ನಮ್ಮದಲ್ಲ ಅಂತ ತಾಯಿಗೆ ಅನುಮಾನ. ಹೆಲ್‌ಬಾಯ್ ಬಂದು ಕಬ್ಬಿಣ ಮುಟ್ಟಿಸುತ್ತಾನೆ, ಮಗು ಕಿರುಚಿಕೊಂಡು ನಿಜರೂಪ ತೋರಿಸುತ್ತದೆ. ಯಕ್ಷಿಣಿ ಜನ ಅಸಲಿ ಮಗುವನ್ನು ಎತ್ತಿಕೊಂಡು ಹೋಗಿ ಇದನ್ನು ಇಟ್ಟಿದ್ದಾರೆ. ಮಗು ವಾಪಸ್ ಬೇಕಾದರೆ ಒಂದು ಷರತ್ತು. ಮೂವರು ಕುಳ್ಳರು ಒಂದು ಹೆಣ ತಂದು ಕೊಡುತ್ತಾರೆ. ಬೆಳಗಾಗುವುದರೊಳಗೆ ಅದನ್ನು ಪವಿತ್ರ ನೆಲದಲ್ಲಿ ಹೂಳಬೇಕು. ಹೆಣ ಹೆಲ್‌ಬಾಯ್ ಬೆನ್ನಿಗೆ ಅಂಟಿಕೊಂಡು ಕುತ್ತಿಗೆ ತಬ್ಬಿಕೊಳ್ಳುತ್ತದೆ. ಅಷ್ಟೇ ಅಲ್ಲ, ಮಾತಾಡುತ್ತದೆ. ಯಾವ ಸ್ಮಶಾನಕ್ಕೆ ಹೋದರೂ ಅಲ್ಲಿನ ಸತ್ತವರು ಎದ್ದು ಬಂದು ಇಲ್ಲಿ ಜಾಗ ಇಲ್ಲ ಅಂತ ಓಡಿಸುತ್ತಾರೆ. ಮತ್ತೆ ಮುಂದಿನ ಚರ್ಚು.

ಇದನ್ನು ಓದುವಾಗ ಚಂದಮಾಮ ಓದಿ ಬೆಳೆದ ಯಾರಿಗಾದರೂ ವಿಕ್ರಮಾರ್ಕನ ಹೆಗಲ ಮೇಲಿನ ಬೇತಾಳ ನೆನಪಾಗಲೇಬೇಕು. ಶಂಕರ್ ಬರೆದ ಆ ಚಿತ್ರ ಕಣ್ಣ ಮುಂದೆ ಬರುತ್ತದೆ. ಮಿನ್ಯೋಲಾ ಎತ್ತಿಕೊಂಡದ್ದು ಬೇತಾಳನಿಂದ ಅಲ್ಲ, ಟೀಗ್ ಓ'ಕೇನ್ ಅನ್ನುವವನು ರಾತ್ರಿಯಿಡೀ ಹೆಣ ಹೊತ್ತು ತಿರುಗುವ ಐರಿಷ್ ಜಾನಪದ ಕಥೆಯಿಂದ. ಆದರೆ ನಮ್ಮ ಬೇತಾಳ ಒಗಟು ಕೇಳುತ್ತಾನೆ, ಈ ಹೆಣ ದಾರಿ ಹೇಳುತ್ತದೆ. ನಮ್ಮ ರಾಜ ಮೌನವಾಗಿರಬೇಕು. ಹೆಲ್‌ಬಾಯ್ ಗೊಣಗುತ್ತಲೇ ಇರುತ್ತಾನೆ. ಭಯ ಹುಟ್ಟಿಸಬೇಕಾದ ಪರಿಸ್ಥಿತಿಯಲ್ಲಿ, ಓವರ್‌ಟೈಮ್ ಬಿದ್ದ ನೌಕರನ ಹಾಗೆ ಬೇಸರಪಟ್ಟುಕೊಳ್ಳುವ ನಾಯಕ. ಮಿನ್ಯೋಲಾ ಬೆರಕೆಯ ಗುಟ್ಟು ಇಲ್ಲೇ ಇದೆ. ಕಥೆ ಹಳೆಯದು, ಅದರೊಳಗೆ ನಿಂತವನ ಮಾತು ಇವತ್ತಿನದು.

ಇನ್ನೊಂದು ವಿಷಯ. ತೊಟ್ಟಿಲಲ್ಲಿ ಮಗುವಿನ ವೇಷ ಹಾಕಿ ಮಲಗಿದ್ದ ಗ್ರುವಾಗಕ್ ಅನ್ನುವ ಆ ಪುಟ್ಟ ಜೀವಿ ಈ ಅವಮಾನ ಮರೆಯುವುದಿಲ್ಲ. ಹತ್ತು ವರ್ಷಕ್ಕೂ ಮೀರಿ ಕಳೆದ ಮೇಲೆ ಬಂದ 'ದ ವೈಲ್ಡ್ ಹಂಟ್' ಸರಣಿಯಲ್ಲಿ ಅದೇ ಹಗೆ ಇಡೀ ಪ್ರಪಂಚಕ್ಕೆ ಬೆಂಕಿ ಹಚ್ಚುತ್ತದೆ. ಆ ರಾತ್ರಿ ಉಳಿದ ಮಗು ಆಲಿಸ್ ಕೂಡ ದೊಡ್ಡವಳಾಗಿ ಬರುತ್ತಾಳೆ. ಅಂದರೆ ಸಣ್ಣ ಕಥೆ ಬಿಟ್ಟು ದೊಡ್ಡ ಕಥೆ ಮಾತ್ರ ಓದುತ್ತೇನೆ ಅಂದರೆ ಬೇರನ್ನೇ ಬಿಟ್ಟ ಹಾಗೆ.

ಇದು ಉದ್ದವಾಯಿತು ಅನ್ನುವವರಿಗೆ 'ಪ್ಯಾನ್‌ಕೇಕ್ಸ್'. ಇರುವುದೇ ಎರಡು ಪುಟ. 1947, ನ್ಯೂ ಮೆಕ್ಸಿಕೋದ ವಾಯುನೆಲೆ. ಪುಟ್ಟ ಹೆಲ್‌ಬಾಯ್ ತಿಂಡಿ ಬೇಡ ಅಂತ ಹಟ ಮಾಡುತ್ತಾನೆ. ಒಂದು ತುತ್ತು ತಿಂದು ನೋಡು ಅಂತ ಮಿಲಿಟರಿ ಸಾಹೇಬರು ಪುಸಲಾಯಿಸುತ್ತಾರೆ. ತಿನ್ನುತ್ತಾನೆ. ರುಚಿ ಹತ್ತುತ್ತದೆ. ಆ ಕ್ಷಣಕ್ಕೆ ನರಕದಲ್ಲಿ ಗೋಳೋ ಅನ್ನುವ ಕೂಗು. ಏನಾಯಿತು ಅಂತ ಒಬ್ಬ ಕೇಳಿದರೆ, ಹುಡುಗ ಪ್ಯಾನ್‌ಕೇಕ್ ತಿಂದುಬಿಟ್ಟ, ಇನ್ನು ಅವನು ನಮ್ಮ ಕಡೆ ವಾಪಸ್ ಬರುವುದಿಲ್ಲ ಅಂತ ಉತ್ತರ. ತಮಾಷೆಯೇ. ಆದರೆ ನರಕಕ್ಕೆ ಸೇರಬೇಕಾದವನು ಮನುಷ್ಯರ ಪೈಕಿ ಹೇಗಾದ ಅನ್ನುವ ಇಡೀ ಸರಣಿಯ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರ ದೊಡ್ಡ ಸಂಪುಟಗಳಲ್ಲೂ ಇಲ್ಲ.

ಜಪಾನಿನ 'ಹೆಡ್ಸ್' ಕೂಡ ಬಿಡಬೇಡಿ. ರಾತ್ರಿ ತಲೆಗಳು ಮುಂಡದಿಂದ ಕಳಚಿಕೊಂಡು ಹಾರಾಡುವ ಅಲ್ಲಿನ ಹಳೇ ನಂಬಿಕೆಯ ಮೇಲೆ ಕಟ್ಟಿದ್ದು. ನಾರ್ವೆಯದು 'ಕಿಂಗ್ ವೋಲ್ಡ್', ಆಫ್ರಿಕಾದ್ದು 'ಮಕೋಮ'. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಕೆಲವು ಕಥೆ 'ಬಂದ, ಹೊಡೆದ, ಹೋದ' ಅನ್ನುವಲ್ಲಿಗೆ ಮುಗಿಯುತ್ತವೆ.

ಹೆದರಿಕೆ ಬೇಕಾ, ಹುಚ್ಚಾಟ ಬೇಕಾ: 'ದ ಕ್ರೂಕೆಡ್ ಮ್ಯಾನ್' ಮತ್ತು 'ಕಾಂಕರರ್ ವರ್ಮ್'

ಸಣ್ಣ ಕಥೆಗಿಂತ ದೊಡ್ಡದು, ಪೂರ್ತಿ ಸರಣಿಗಿಂತ ಚಿಕ್ಕದು ಬೇಕು ಅನ್ನುವವರಿಗೆ ಈ ಎರಡು. ಎರಡಕ್ಕೂ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಬಂದಿದೆ. ಸ್ವಭಾವ ಮಾತ್ರ ಉತ್ತರ ದಕ್ಷಿಣ.

'ದ ಕ್ರೂಕೆಡ್ ಮ್ಯಾನ್' 2008ರದು, ಮೂರು ಸಂಚಿಕೆ. ನಡೆಯುವುದು 1958ರಲ್ಲಿ, ಅಮೆರಿಕದ ಅಪಲಾಚಿಯಾ ಬೆಟ್ಟಗಳಲ್ಲಿ. ಟಾಮ್ ಫೆರೆಲ್ ಅನ್ನುವವನು ಹರೆಯದಲ್ಲಿ ಮಾಟಗಾತಿಯ ಮಾತು ಕೇಳಿ ತನ್ನ ಆತ್ಮ ಒತ್ತೆ ಇಟ್ಟವನು. ಈಗ ಊರಿಗೆ ಬಂದು ಅದರ ಲೆಕ್ಕ ಚುಕ್ತಾ ಮಾಡಬೇಕು. ಸಾಲ ವಸೂಲಿಗೆ ಬರುವವನು ನೇಣಿಗೆ ಹಾಕಿದ ಮೇಲೆ ದೆವ್ವದ ಏಜೆಂಟನಾಗಿ ವಾಪಸ್ ಬಂದ ಒಬ್ಬ ಜಿಪುಣ. ಇದರ ಚಿತ್ರ ಮಿನ್ಯೋಲಾ ಅವರದಲ್ಲ, ರಿಚರ್ಡ್ ಕಾರ್ಬೆನ್ ಅವರದು. ಮಿನ್ಯೋಲಾ ಮುಖಗಳನ್ನು ನೆರಳಲ್ಲಿ ಮುಚ್ಚಿದರೆ, ಕಾರ್ಬೆನ್ ಪ್ರತಿ ಸುಕ್ಕು, ಪ್ರತಿ ಹಲ್ಲು ತೋರಿಸುತ್ತಾರೆ. ಮೈ ಜುಮ್ಮೆನ್ನುವುದು ಅದಕ್ಕೇ. ಕಡಿವಾಣ ಹಾಕಿದ ಒಂದು ಕುದುರೆ ನಿಜಕ್ಕೂ ಯಾರು ಅಂತ ಗೊತ್ತಾಗುವ ಪುಟ ಇದೆ. ಅದನ್ನು ಇಲ್ಲಿ ಹೇಳಿ ಹಾಳು ಮಾಡುವುದಿಲ್ಲ. ಹೆಲ್‌ಬಾಯ್ ಇದರಲ್ಲಿ ಹೆಚ್ಚೂಕಡಿಮೆ ಪಕ್ಕವಾದ್ಯ. ಹಿಂದಿನ ಯಾವ ಕಥೆಯೂ ಗೊತ್ತಿರಬೇಕಿಲ್ಲ.

'ಕಾಂಕರರ್ ವರ್ಮ್' 2001ರದು. ಯುದ್ಧಕಾಲದಲ್ಲಿ ನಾಜಿಗಳು ಹಾರಿಸಿದ್ದ ಬಾಹ್ಯಾಕಾಶ ನೌಕೆ ಈಗ ಭೂಮಿಗೆ ಮರಳುತ್ತಿದೆ. ಜಾಗ ಆಸ್ಟ್ರಿಯಾದ ಒಂದು ಕೋಟೆ. ಅಲ್ಲಿ ಗಾಜಿನ ಜಾಡಿಯೊಳಗೆ ಬದುಕಿರುವ ಒಂದು ತಲೆ, ಯಂತ್ರ ಜೋಡಿಸಿದ ಗೊರಿಲ್ಲಾ, ಹಳೇ ಪತ್ತೇದಾರಿ ನಾಯಕನ ಪ್ರೇತ, ಅನ್ಯಗ್ರಹದ ಜೀವಿ. ಹೀಗೆ ಪಟ್ಟಿ ಮಾಡಿದರೆ ಹುಡುಗಾಟ ಅನ್ನಿಸುತ್ತದೆ. ಓದುವಾಗ ವಿಚಿತ್ರವಾಗಿ ದುಃಖ ಆಗುತ್ತದೆ. ಹೆಲ್‌ಬಾಯ್ ತನ್ನ ಕೆಲಸದ ಬಗ್ಗೆ ತೆಗೆದುಕೊಳ್ಳುವ ಒಂದು ನಿರ್ಧಾರ ಇಡೀ ಸರಣಿಯ ದಿಕ್ಕು ಬದಲಿಸುವುದೂ ಇಲ್ಲೇ. ಅದಕ್ಕೇ ಇದನ್ನು ಮೊದಲ ಪುಸ್ತಕವಾಗಿ ಓದಬೇಡಿ. ಅವನ ಜೊತೆ ಸ್ವಲ್ಪ ಓಡಾಡಿದ ಮೇಲೆ ಓದಿದರೆ ತಟ್ಟುತ್ತದೆ.

ಮೊದಲ ಸಲಕ್ಕೆ ಇವೆರಡರಲ್ಲಿ ಒಂದು ಆರಿಸಿ ಅಂದರೆ 'ಕ್ರೂಕೆಡ್ ಮ್ಯಾನ್'. ಎರಡನೇ ಸಲಕ್ಕೂ ಮೂರನೇ ಸಲಕ್ಕೂ ಓದುವುದು ಯಾವುದು ಅಂದರೆ 'ಕಾಂಕರರ್ ವರ್ಮ್'.

ಹೆಲ್‌ಬಾಯ್ ಸಹವಾಸವೇ ಬೇಡ ಅಂದರೆ

'ದ ಅಮೇಜಿಂಗ್ ಸ್ಕ್ರೂ-ಆನ್ ಹೆಡ್', 2002. ಅಧ್ಯಕ್ಷ ಲಿಂಕನ್ ದೇಶಕ್ಕೆ ಅಪಾಯ ಬಂದಾಗಲೆಲ್ಲ ಕರೆಸುವ ಗುಪ್ತಚರ ಒಂದು ಲೋಹದ ತಲೆ. ಬೇಕಾದ ದೇಹಕ್ಕೆ ಸ್ಕ್ರೂ ಹಾಗೆ ತಿರುಗಿಸಿ ಕೂರಿಸಿಕೊಳ್ಳುತ್ತದೆ. ಎದುರಾಳಿ ಎಂಪರರ್ ಜಾಂಬಿ. ಇಬ್ಬರ ಜಗಳ ನಡೆಯುವುದು ಪ್ರಾಚೀನ ಕಾಲದ ಒಂದು ಮಹಾನ್ ನಿಧಿಗಾಗಿ. ಕೊನೆಗೆ ಸಿಗುವುದು ಒಂದು ಟರ್ನಿಪ್ ಗೆಡ್ಡೆ, ಅದರೊಳಗೆ ಒಂದು ಪುಟ್ಟ ಸಮಾನಾಂತರ ವಿಶ್ವ. ಇದಕ್ಕೆ ಅರ್ಥ ಹುಡುಕಲು ಹೋಗಬೇಡಿ. ಎಲ್ಲ ಪಾತ್ರಗಳೂ ಇದನ್ನೆಲ್ಲ ಗಂಭೀರ ಮುಖದಲ್ಲಿ ಮಾತಾಡುವುದೇ ಇದರ ಮಜಾ. ಹಾಸ್ಯಕ್ಕೆ ಐಸ್ನರ್ ಬಂತು. 2006ರಲ್ಲಿ ಟೀವಿಗೆ ಒಂದೇ ಒಂದು ಕಂತಿನ ಆನಿಮೇಷನ್ ಆಯಿತು, ಸರಣಿ ಮುಂದುವರಿಯಲಿಲ್ಲ. ಪಾಲ್ ಜಿಯಮಾಟಿ ಅದರಲ್ಲಿ ತಲೆಗೆ ದನಿ ಕೊಟ್ಟಿದ್ದಾರೆ.

2010ರಲ್ಲಿ ಈ ಕಥೆಯ ಜೊತೆ ಇನ್ನಷ್ಟು ಸಣ್ಣ ಕಥೆ ಸೇರಿಸಿ ಒಂದು ಸಂಕಲನ ಬಂತು. ಅದನ್ನು ಕೊಳ್ಳಲು ನಿಜವಾದ ಕಾರಣ 'ದ ಮ್ಯಾಜಿಷಿಯನ್ ಅಂಡ್ ದ ಸ್ನೇಕ್'. ಮಿನ್ಯೋಲಾ ಅವರ ಪುಟ್ಟ ಮಗಳು ಕೇಟಿ ಹೇಳಿದ ಕಥೆ, ಚಿತ್ರ ಅಪ್ಪನದು. ಒಬ್ಬ ಜಾದೂಗಾರ, ಅವನ ಗೆಳೆಯ ಒಂದು ಹಾವು. 2003ರಲ್ಲಿ ಅತ್ಯುತ್ತಮ ಸಣ್ಣ ಕಥೆ ಅಂತ ಐಸ್ನರ್ ಇಬ್ಬರ ಹೆಸರಿಗೂ ಬಂತು. ಮಕ್ಕಳು ಕಥೆ ಹೇಳುವಾಗ ಕಾರಣ ಮತ್ತು ಪರಿಣಾಮಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ ಅಲ್ವಾ? ಅಪ್ಪ ಅದನ್ನು ತಿದ್ದಲು ಹೋಗದೆ ಹಾಗೇ ಬಿಟ್ಟಿರುವುದು ದೊಡ್ಡ ಜಾಣತನ. ನಾಲ್ಕಾರು ನಿಮಿಷದ ಓದು. ಗೆಳೆತನದ ಬಗ್ಗೆ ಇಷ್ಟು ಚಿಕ್ಕದಾಗಿ ಇಷ್ಟು ಆಳವಾಗಿ ಚಿತ್ರಕಥೆಯಲ್ಲಿ ಹೇಳಿದವರು ಕಡಿಮೆ.

ಇನ್ನೂ ಹೊಸದು ಬೇಕೆಂದರೆ 2024ರ 'ಬೌಲಿಂಗ್ ವಿತ್ ಕಾರ್ಪ್ಸಸ್'. ಹೊಚ್ಚ ಹೊಸ ಕಾಲ್ಪನಿಕ ಲೋಕ, ಎಲ್ಲವೂ ಬಿಡಿ ಬಿಡಿ ಕಥೆ. ಹೆಲ್‌ಬಾಯ್‌ಗೆ ಇದಕ್ಕೂ ಸಂಬಂಧವಿಲ್ಲ. ಸಣ್ಣ ಕಥೆಯೇ ಮಿನ್ಯೋಲಾಗೆ ಒಗ್ಗುವ ಅಳತೆ ಅನ್ನುವ ನನ್ನ ವಾದಕ್ಕೆ ಇದೂ ಒಂದು ಸಾಕ್ಷಿ.

ಬಿ.ಪಿ.ಆರ್.ಡಿ. ಅಥವಾ ಬಾಲ್ಟಿಮೋರ್

ಬೇಗ ಹೇಳಿ ಮುಗಿಸುತ್ತೇನೆ. ಬಿ.ಪಿ.ಆರ್.ಡಿ. ಅಂದರೆ ಹೆಲ್‌ಬಾಯ್ ಇದ್ದ ಸಂಸ್ಥೆಯ ಉಳಿದವರ ಕಥೆ. ನೀರಿನಲ್ಲಿ ಉಸಿರಾಡುವ ಏಬ್ ಸೇಪಿಯನ್, ಮೈಯಿಂದ ಬೆಂಕಿ ಹೊರಡಿಸುವ ಲಿಜ್ ಶರ್ಮನ್ ಮುಂತಾದವರು. ಜಾನ್ ಆರ್ಕೂಡಿ ಜೊತೆಗೂಡಿ ಬರೆದದ್ದು, ಗೈ ಡೇವಿಸ್ ಚಿತ್ರಗಳಿದ್ದ ವರ್ಷಗಳೇ ಇದರ ಒಳ್ಳೇ ಕಾಲ. ಧಾರಾವಾಹಿ ಹುಚ್ಚಿರುವವರಿಗೆ ಹಬ್ಬ. ಆದರೆ ಇಲ್ಲಿ ಮಿನ್ಯೋಲಾ ದನಿ ತೆಳುವಾಗಿದೆ. ಜಾನಪದ ಹಿಂದೆ ಸರಿದು ಆಕ್ಷನ್ ಮುಂದೆ ಬಂದಿದೆ.

ಬಾಲ್ಟಿಮೋರ್ ಮೊದಲ ಮಹಾಯುದ್ಧದ ಕಂದಕಗಳು, ಪ್ಲೇಗು ಮತ್ತು ರಕ್ತಪಿಶಾಚಿಗಳನ್ನು ಬೆರೆಸಿದ್ದು. ಕ್ರಿಸ್ಟೋಫರ್ ಗೋಲ್ಡನ್ ಜೊತೆ 2007ರಲ್ಲಿ ಕಾದಂಬರಿಯಾಗಿ ಬಂತು, 2010ರಿಂದ ಬೆನ್ ಸ್ಟೆನ್‌ಬೆಕ್ ಚಿತ್ರಗಳೊಂದಿಗೆ ಕಾಮಿಕ್ಸ್ ಆಯಿತು. ಮರದ ಕಾಲಿನ ಲಾರ್ಡ್ ಬಾಲ್ಟಿಮೋರ್ ಯಾವತ್ತೂ ನಗುವುದಿಲ್ಲ. ಹೆಲ್‌ಬಾಯ್ ಜೋಕು ಇಷ್ಟಪಟ್ಟು ಇಲ್ಲಿಗೆ ಬಂದರೆ ನಿರಾಸೆ ಗ್ಯಾರಂಟಿ. ಹಳೇ ಡ್ರಾಕುಲಾ ಕಥೆಗಳ ಮಂಕು ವಾತಾವರಣವೇ ಬೇಕು ಅನ್ನುವವರಿಗೆ ಮಾತ್ರ.

ಕೊನೆಗೆ ಇಟ್ಟುಕೊಳ್ಳಬೇಕಾದದ್ದು

'ಹೆಲ್‌ಬಾಯ್ ಇನ್ ಹೆಲ್'. 2012ರಿಂದ 2016ರವರೆಗೆ ಹತ್ತು ಸಂಚಿಕೆ. ನಡುವಿನ ಕೆಲವು ದೊಡ್ಡ ಸರಣಿಗಳ ಚಿತ್ರ ಡಂಕನ್ ಫೆಗ್ರೆಡೊಗೆ ಬಿಟ್ಟಿದ್ದ ಮಿನ್ಯೋಲಾ, ಇದರಲ್ಲಿ ಮತ್ತೆ ತಾವೇ ಚಿತ್ರ ಬರೆದರು. ಡೇವ್ ಸ್ಟೀವರ್ಟ್ ಬಣ್ಣ. ಗೆರೆಗಳು ಎಷ್ಟು ಕಡಿಮೆ ಅಂದರೆ ಕೆಲವು ಚೌಕಟ್ಟಿನಲ್ಲಿ ಎರಡು ಬಣ್ಣ, ಒಂದು ಆಕೃತಿ, ಮುಗಿಯಿತು. ನರಕದ ರಾಜಧಾನಿ ಖಾಲಿ ಊರು. ದೊಡ್ಡ ಯುದ್ಧ ಬರುತ್ತದೆ ಅಂತ ಕಾದವರಿಗೆ ಸಿಗುವುದು ಗೊಂಬೆಯಾಟ, ಹಳೇ ನೆಂಟರು, ಸಿಪಾಯಿಯೊಬ್ಬನ ಬಿಡಿ ಕಥೆ. ಹಲವು ಓದುಗರಿಗೆ ಇದು ಹಿಡಿಸಲಿಲ್ಲ. ನನಗೆ ಇದು ಸಣ್ಣ ಕಥೆಗಳ ಗುಚ್ಛದ ಹಾಗೆ ಕಾಣುತ್ತದೆ, ಹಾಗಾಗಿ ಇಷ್ಟ. ಹಿಂದಿನದೇನೂ ಗೊತ್ತಿಲ್ಲದೆ ತೆರೆದರೆ ಮಾತ್ರ ಒಂದಕ್ಷರವೂ ಹತ್ತುವುದಿಲ್ಲ.

ಕೊಳ್ಳುವ ಮೊದಲು

2018ರಲ್ಲಿ ಡಾರ್ಕ್ ಹಾರ್ಸ್ ಎಲ್ಲವನ್ನೂ ಓಮ್ನಿಬಸ್ ಅಂತ ಹೊಸದಾಗಿ ಜೋಡಿಸಿತು. ದೊಡ್ಡ ಕಥೆಗೆ ನಾಲ್ಕು ಸಂಪುಟ, ಸಣ್ಣ ಕಥೆಗೆ 'ಕಂಪ್ಲೀಟ್ ಶಾರ್ಟ್ ಸ್ಟೋರೀಸ್' ಅಂತ ಎರಡು. ಒಂದೇ ಒಂದು ಕೊಳ್ಳುವವರು ಸಣ್ಣ ಕಥೆಗಳ ಮೊದಲ ಸಂಪುಟ ಕೊಳ್ಳಿ. 'ದ ಕಾರ್ಪ್ಸ್', 'ಕ್ರೂಕೆಡ್ ಮ್ಯಾನ್' ಎರಡೂ ಅದರಲ್ಲಿವೆ. ಕಥೆಗಳನ್ನು ಬರೆದ ಕ್ರಮದಲ್ಲಿ ಅಲ್ಲ, ಹೆಲ್‌ಬಾಯ್ ಬದುಕಿನ ಇಸವಿಗಳ ಕ್ರಮದಲ್ಲಿ ಜೋಡಿಸಿದ್ದಾರೆ. ಇದರಿಂದ ಒಂದು ಸಣ್ಣ ನಷ್ಟ ಇದೆ. ಮಿನ್ಯೋಲಾ ಕೈ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಅನ್ನುವುದು ಕಲಸಿಹೋಗುತ್ತದೆ. ಪಕ್ಕಪಕ್ಕದ ಕಥೆಗಳ ಚಿತ್ರಶೈಲಿ ಬೇರೆ ಬೇರೆ ಇದ್ದರೆ ಗಾಬರಿಯಾಗಬೇಡಿ.

ದೊಡ್ಡ ಅಳತೆಯ ಗಟ್ಟಿ ರಟ್ಟಿನ ಲೈಬ್ರರಿ ಎಡಿಷನ್ ನೋಡಲು ಭರ್ಜರಿ, ಜೇಬಿಗೆ ಭಾರ. ಮಲಗಿಕೊಂಡು ಓದಲು ಆಗುವುದಿಲ್ಲ, ಮೇಜು ಬೇಕು. ಡಿಜಿಟಲ್ ಅಗ್ಗ. ಆದರೆ ಫೋನಿನಲ್ಲಿ ಓದಬೇಡಿ, ಟ್ಯಾಬ್ ಆದರೂ ಇರಲಿ. ಒಂದೊಂದೇ ಚೌಕಟ್ಟು ತೋರಿಸುವ ಮೋಡ್‌ನಲ್ಲಿ ಇಡೀ ಪುಟದ ಕಪ್ಪು ಬಿಳುಪಿನ ಲೆಕ್ಕಾಚಾರವೇ ಸತ್ತುಹೋಗುತ್ತದೆ.

ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳ ಕಾಮಿಕ್ಸ್ ಕಪಾಟನ್ನೂ ಒಮ್ಮೆ ತಡಕಿ ನೋಡಿ. 'ದ ಚೈನ್ಡ್ ಕಾಫಿನ್ ಅಂಡ್ ಅದರ್ಸ್' ಅಥವಾ 'ದ ರೈಟ್ ಹ್ಯಾಂಡ್ ಆಫ್ ಡೂಮ್' ಅನ್ನುವ ಹಳೇ ತೆಳು ಸಂಪುಟ ಕಂಡರೆ ಬಿಡಬೇಡಿ. ಮೊದಲನೆಯದರಲ್ಲಿ 'ದ ಕಾರ್ಪ್ಸ್' ಇದೆ, ಎರಡನೆಯದರಲ್ಲಿ 'ಪ್ಯಾನ್‌ಕೇಕ್ಸ್' ಮತ್ತು 'ಹೆಡ್ಸ್'. ಪ್ರತಿ ಕಥೆಗೂ ಮುಂಚೆ ಮಿನ್ಯೋಲಾ ನಾಲ್ಕು ಸಾಲು ಬರೆದು, ಯಾವ ದೇಶದ ಯಾವ ಕಥೆಯಿಂದ ಇದನ್ನು ಎತ್ತಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತಾರೆ.